ಹೊಳೆಯಬಾರದ ಬೆಳ್ಳಿ

ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಆಸ್ಪತ್ರೆಯಿಂದ ಬಂದ ದೊಡ್ಡಪ್ಪ ಚಪ್ಪಲಿಯನ್ನೂ ಕಳಚದೆ ನೇರ ಗಾಜಿನ ಬೀರುವಿನ ಮುಂದೆ ಹೋಗಿ ನಿಂತರು. ಔಷಧದ ಚೀಲ ಹಿಡಿದು ಹಿಂದೆಯೇ ಬಂದ ತಮ್ಮನ ಮಗಳಿಗೆ ಜೀವ ಬಾಯಿಗೆ ಬಂತು.

ಬೀರುವಿನಲ್ಲಿದ್ದದ್ದು ದೊಡ್ಡಪ್ಪ ಮಾಡಿದ ಅಂಗೈಯಗಲದ ವಿಮಾನಗಳು. ಹಳೆಯ ಕಾಲದಲ್ಲಿ ವಿಮಾನದ ರೆಕ್ಕೆಗೆ ಮರದ ಪಕ್ಕೆಲುಬುಗಳ ಮೇಲೆ ಬಟ್ಟೆ ಬಿಗಿದು ಬೆಳ್ಳಿ ಬಣ್ಣದ ಲೇಪ ಕೊಡುತ್ತಿದ್ದರಂತೆ. ಪುಟ್ಟ ಮಾದರಿಯಲ್ಲಿ ಅದನ್ನು ತೋರಿಸುವುದರಲ್ಲಿ ದೊಡ್ಡಪ್ಪನನ್ನು ಬಿಟ್ಟರೆ ಇನ್ನೊಬ್ಬರಿಲ್ಲ ಎಂದು ಮಾದರಿ ವಿಮಾನ ಮಾಡುವ ಅವರ ಸಂಘದವರೆಲ್ಲ ಒಪ್ಪಿದ್ದರು. ಬೆಳ್ಳಿಗೆ ತುಸು ಬೂದು ಬೆರೆಸಬೇಕು. ಪಕ್ಕೆಲುಬಿನ ಮೇಲೆ ತಿಳಿ, ನಡುವೆ ಗಾಢ. ಕೊನೆಗೆ ಹೊಳಪು ಸಾಯಿಸುವ ವಾರ್ನಿಷ್. “ಬಟ್ಟೆ ಬಟ್ಟೆ ಥರ ಕಾಣಬೇಕು. ಪಾತ್ರೆ ಥರ ಕಂಡ್ರೆ ಅದರಲ್ಲಿ ನೀರು ಕಾಯಿಸ್ಕೊಳ್ಳಿ” ಎನ್ನುತ್ತಿದ್ದರು.

ಆದರೆ ಪೊರೆ ಬೆಳೆದ ಕಣ್ಣಿಗೆ ಬೆಳ್ಳಿಯೇ ಮಬ್ಬಾಗಿ ಕಂಡು, ಅವರು ಬೂದನ್ನೂ ವಾರ್ನಿಷನ್ನೂ ಕೈಬಿಟ್ಟಿದ್ದರು. ರೆಕ್ಕೆಗಳು ಈಗಷ್ಟೇ ತಿಕ್ಕಿಟ್ಟ ಸ್ಟೀಲ್ ಲೋಟದ ಹಾಗೆ ಫಳಫಳ ಎನ್ನತೊಡಗಿದವು. ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಹೇಳಿದರೆ ಬ್ರಷ್ ಎತ್ತಿಟ್ಟುಬಿಡುತ್ತಾರೆ, ಬ್ರಷ್ ಎತ್ತಿಟ್ಟರೆ ಮಂಚ ಹಿಡಿಯುತ್ತಾರೆ ಎಂಬ ಹೆದರಿಕೆ. ಮಧ್ಯಾಹ್ನ ಅವರು ಗೊರಕೆ ಹೊಡೆಯುವಾಗ ಕೂತು, ಅವರದೇ ಬೂದು, ವಾರ್ನಿಷ್ ಬಳಿದು ಒಂದೊಂದೇ ರೆಕ್ಕೆಯ ಹೊಳಪನ್ನು ಸದ್ದಿಲ್ಲದೆ ಇಳಿಸಿದಳು. ಸಂಘದವರು ಬಂದು, “ಕಣ್ಣು ಮಂಜಾದ್ರೂ ಕೈ ಹಾಗೇ ಇದೆ ನೋಡಿ” ಎಂದು ಹೊಗಳಿದರು. ದೊಡ್ಡಪ್ಪ ಅದನ್ನು ನಂಬಿ ಇನ್ನೊಂದು ವಿಮಾನ ಶುರುಮಾಡಿದರು.

ಈಗ ಆ ಕೊನೆಯ ವಿಮಾನವನ್ನೇ ಎತ್ತಿ, ಕಪ್ಪು ಕನ್ನಡಕವನ್ನು ಹಣೆಗೇರಿಸಿ, ಕಿಟಕಿಯ ಬೆಳಕಿಗೆ ಹಿಡಿದರು.

“ಇದು ಯಾರು ಮಾಡಿದ್ದು?”

“ನೀವೇ, ದೊಡ್ಡಪ್ಪ.”

“ನಾನಾ?”

“ನಿಮ್ಮದೇ ಬಣ್ಣ, ನಿಮ್ಮದೇ ಬ್ರಷ್.” ಅಷ್ಟರ ಮಟ್ಟಿಗೆ ಅದು ಸುಳ್ಳಲ್ಲ.

“ಆಸ್ಪತ್ರೆಯಿಂದ ಬಂದೋರು ಮೊದಲು ಹೆಂಡ್ತಿ ಮುಖ ನೋಡ್ತಾರೆ” ಎಂದರು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ದೊಡ್ಡಮ್ಮ.

“ಮೊದಲ ದಿನವೇ ಕಣ್ಣಿಗೆ ಶ್ರಮ ಕೊಡಬೇಡಿ ಅಂದಿದ್ದಾರೆ ಡಾಕ್ಟ್ರು” ಎಂದರು ದೊಡ್ಡಪ್ಪ, ರೆಕ್ಕೆಯಿಂದ ಕಣ್ಣು ತೆಗೆಯದೆ.

“ಹಾಗೇ ಬಾಯಿಗೂ ಒಂದು ಆಪರೇಷನ್ ಮಾಡಿಸ್ಕೊಂಡು ಬರಬೇಕಿತ್ತು” ಎಂದು ದೊಡ್ಡಮ್ಮ ಒಳಗೆ ಹೋದರು.

ದೊಡ್ಡಪ್ಪ ನಗಲಿಲ್ಲ. ಪಕ್ಕೆಲುಬುಗಳ ಮೇಲಿನ ತಿಳಿ ಗೆರೆಗಳನ್ನು ಉಗುರಿನಿಂದ ಒಂದೊಂದಾಗಿ ದಾಟಿದರು. ಆಮೇಲೆ ವಿಮಾನವನ್ನು ಮಗುಚಿದರು.

ಬೀರುವಿನಲ್ಲಿ ನಿಂತ ವಿಮಾನದ ಅಡಿಯನ್ನು ಯಾರು ನೋಡುತ್ತಾರೆಂದು ಅವಳು ಮೇಲ್ಭಾಗವನ್ನಷ್ಟೇ ಮಾಡಿ ಮುಗಿಸಿದ್ದಳು. ಅಡಿಯ ಭಾಗ ದೊಡ್ಡಪ್ಪ ಬಳಿದ ಹಾಗೇ ಉಳಿದಿತ್ತು, ಬಗ್ಗಿ ನೋಡಿದವರ ಮುಖ ಕಾಣುವಷ್ಟು ಫಳಫಳ.

ಅವರು ಬಹಳ ಹೊತ್ತು ಬಗ್ಗಿ ನೋಡಿದರು. ಅವಳು ಔಷಧದ ಚೀಲವನ್ನು ಎದೆಗವಚಿಕೊಂಡು ನಿಂತೇ ಇದ್ದಳು. ಕೊನೆಗೆ ಅವರು ಕುರ್ಚಿ ಎಳೆದುಕೊಂಡು ಕುಳಿತು, ಬೂದು ಬಣ್ಣದ ಡಬ್ಬಿಯ ಮುಚ್ಚಳ ತೆಗೆದರು. ವಿಮಾನವನ್ನು ಮಗುಚಿದ ಹಾಗೇ ಅವಳ ಕೈಗೆ ಕೊಟ್ಟರು.

“ಹೊಟ್ಟೆ ಯಾಕೆ ಬಿಟ್ಟೆ? ವಿಮಾನಾನ ಜನ ಕೆಳಗಿಂದ ತಾನೇ ನೋಡೋದು?”