ಮಾತಾಡದ ಹಂಚು

ಗೂಡಿನಲ್ಲಿ ಬೇಯುವಾಗ ಕೇಳಿದ ಮಾತನ್ನು ಹಂಚು ಮರೆಯುವುದಿಲ್ಲ. ಮನೆಯ ಮಾಡಿಗೇರಿದ ಮೇಲೆ ನಡುಮಧ್ಯಾಹ್ನದ ಬಿಸಿಲಿಗೆ ಅದನ್ನೇ ಒದರುತ್ತದೆ. ಗುರುಪುರ ಹೊಳೆದಂಡೆಯಲ್ಲಿ ಅಜ್ಜಿ ಒಂದೇ ಗೂಡಿನಿಂದ ಶುರುಮಾಡಿದ ಹಂಚಿನ ಕಾರ್ಖಾನೆ ಅರವತ್ತು ವರ್ಷಗಳಲ್ಲಿ ಹನ್ನೊಂದು ಗೂಡಿಗೆ ಬೆಳೆದಿತ್ತು. ಜತೆಗೆ ಅಜ್ಜಿಯ ಬೈಗುಳವೂ ಕುಂದಾಪುರದಿಂದ ಕಾಸರಗೋಡಿನವರೆಗೆ ಹಬ್ಬಿತ್ತು. ಊಟಕ್ಕೆ ಕೂತವರಿಗೆಲ್ಲ ಮೇಲಿನಿಂದ, "ಎಷ್ಟು ತಿಂತೀರಿ, ಏಳಿ ಕೆಲಸಕ್ಕೆ!"

ದೂರು ಕೇಳಿ ಕೇಳಿ ಮೊಮ್ಮಗಳು ಜಲಜಾಕ್ಷಿಗೆ ಸಾಕುಸಾಕಾಗಿತ್ತು. ಗೂಡಿನ ಬಳಿ ಯಾರೂ ತುಟಿ ಬಿಚ್ಚಕೂಡದೆಂದು ನಿಯಮ ಮಾಡಿ, ಮಾತಾಡದ ಹಂಚಿನ ಮೊದಲ ಆರ್ಡರ್ ಹಿಡಿದಳು: ಸಂಗೀತ ಶಾಲೆಗೆ ಎಂಟು ಸಾವಿರ.

ಎರಡು ದಿನ ಎಲ್ಲರೂ ಕೈಸನ್ನೆಯಲ್ಲೇ ಸೌದೆ ಹಾಕಿದರು. ಮೂರನೆಯ ದಿನ, ಇನ್ನೇನು ಬೆಂಕಿ ಇಳಿಯಬೇಕು, ಹಳೆಯ ಮೇಸ್ತ್ರಿ ವಾಮನಣ್ಣ ಬಾಯಿ ತೆರೆದರು.

ಜಲಜಾಕ್ಷಿಗೆ ರೇಗಿಹೋಯಿತು. "ಎಂತ ವಾಮನಣ್ಣ, ಎಷ್ಟು ಸಲ ಹೇಳುದು ನಿಮಗೆ? ಬಾಯಿ ಮುಚ್ಚಿ ಮಾರಾಯ್ರೇ, ಬಾಯಿ ಮುಚ್ಚಿ!"

ಥೇಟ್ ಅಜ್ಜಿಯದೇ ದನಿ.

ಆಕಳಿಸಲು ತೆರೆದಿದ್ದ ಬಾಯನ್ನು ವಾಮನಣ್ಣ ಮೆಲ್ಲಗೆ ಮುಚ್ಚಿದರು. ಆಮೇಲೆ, ಹಾಡು ಕಲಿಯುವ ಮಕ್ಕಳ ತಲೆಯ ಮೇಲೆ ಇನ್ನು ನೂರು ವರ್ಷ ಕೂರಲಿರುವ ಆ ಎಂಟು ಸಾವಿರ ಹಂಚಿನ ಕಡೆಗೆ ಸುಮ್ಮನೆ ಬೆರಳು ತೋರಿಸಿದರು.