ಮನೆಯ ಚಿನ್ನ

ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಕೂತಿದ್ದ ರುದ್ರಪ್ಪನವರು ಕನ್ನಡಿ ಹಿಡಿದು, ಆಗಷ್ಟೇ ಕೂರಿಸಿದ ಚಿನ್ನದ ಹಲ್ಲನ್ನು ನೋಡಿಕೊಂಡರು.

"ಹೇಳಿ ಮಾಡಿಸಿದ ಹಾಗಿದೆ ಕಣಯ್ಯ. ನಿಮ್ಮ ಚೀನೀ ಜನರ ಕೈಗುಣವೇ ಬೇರೆ. ಬಿದ್ದುಹೋಗಲ್ಲ ತಾನೇ?"

"ನೀವು ಸಾಯೋವರೆಗೂ ನಿಮ್ಮನ್ನ ಬಿಡಲ್ಲ. ಮತ್ತೆ, ನಾನು ಹುಟ್ಟಿದ್ದು ಚೀನಾದಲ್ಲಲ್ಲ ಮಾವ, ನಿಮ್ಮ ಪಕ್ಕದ ಮನೆಯಲ್ಲಿ."

ಎಷ್ಟೋ ವರ್ಷಗಳ ಮೇಲೆ 'ಮಾವ' ಎಂದು ಕರೆಸಿಕೊಂಡ ಮುದುಕರು ಕನ್ನಡಿಯನ್ನು ಮಡಿಲಿಗೆ ಇಳಿಸಿದರು. ಚೀನಾ ಯುದ್ಧದ ವರ್ಷ ಆ ಪಕ್ಕದ ಮನೆಗೆ ಪೊಲೀಸರನ್ನು ಕರೆತಂದವರು ಅವರೇ.

"ನಿಮ್ಮನೇಲಿದ್ದದ್ದು ಬರೀ ಹಾಡು ಕೇಳೋ ರೇಡಿಯೋ ಅಂತ ನನಗೂ ಗೊತ್ತಿತ್ತು. ಆದರೂ ನಿಮ್ಮಪ್ಪನ್ನ ಗೂಢಚಾರ ಅಂದುಬಿಟ್ಟೆ. ಕಾಲ ಹಾಗಿತ್ತಪ್ಪ. ಪಾಪ, ನಿಮ್ಮ ಜನರನ್ನ ಕೂಡಿಹಾಕಿದ್ದ ಶಿಬಿರದಿಂದ ಅವನು ವಾಪಸ್ ಬರಲೇ ಇಲ್ಲ."

"ಕೊನೆಗೆ ಜ್ವರ ಏರಿದಾಗಲೂ ನಿಮ್ಮನೆ ಯುಗಾದಿ ಒಬ್ಬಟ್ಟು ಕೇಳ್ತಿದ್ದರು."

ರುದ್ರಪ್ಪನವರು ಕಣ್ಣೊರೆಸಿಕೊಂಡರು.

"ಅಷ್ಟಾದರೂ, ಚಿನ್ನ ನಾನೇ ತರ್ತೀನಿ ಅಂದರೆ ಕೇಳದೆ, ನಿನ್ನ ಮನೆಯ ಚಿನ್ನವನ್ನೇ ನನ್ನ ಬಾಯಿಗೆ ಹಾಕಿದೆ. ದೊಡ್ಡ ಮನಸ್ಸು ನಿನ್ನದು. ನನ್ನನ್ನ ಕ್ಷಮಿಸಿದೀಯ ತಾನೇ?"

ಡಾಕ್ಟರು ನಲ್ಲಿಯ ಕೆಳಗೆ ಇಕ್ಕಳ ತೊಳೆಯುತ್ತಿದ್ದರು.

"ನಾಳೆ ಯುಗಾದಿ. ನಿಮ್ಮಪ್ಪನ ಫೋಟೋ ಮುಂದೆ ಎಡೆ ಇಡೋಕೆ ಒಬ್ಬಟ್ಟು ಕಳಿಸ್ತೀನಿ ಕಣೋ."

"ಕಳಿಸೋದು ಬೇಡ ಮಾವ. ನಿಮ್ಮ ಬಾಯಲ್ಲಿರೋದು ಅವರ ಚಿನ್ನದ ಹಲ್ಲನ್ನೇ ಕರಗಿಸಿ ಮಾಡಿದ್ದು. ನೀವು ತಿಂದರೆ ಸಾಕು, ಅವರಿಗೆ ಮುಟ್ಟುತ್ತೆ."