ಗೋದಾಮು ಬಿದ್ದ ಜಾಗ

“ಮೆಣಸಿನಕಾಯಿ ಗೋದಾಮು ಬಿದ್ದ ಜಾಗಾ ಎಲ್ಲೈತಿ ತಂಗಿ?”

ಹುಮಾ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ಎಂದಿನಂತೆ ಕತ್ತರಿಯ ತುದಿಯಿಂದ ಓಣಿಯ ಕೊನೆ ತೋರಿಸಿದಳು. “ಆ ಬೇವಿನ ಗಿಡದ ಬಾಜೂಕ ಖಾಲಿ ಜಾಗಾ ಐತೆಲ್ರಿ, ಅದ.”

ಅದು ಸುಳ್ಳು. ಅಮರಗೋಳದ ಆ ಓಣಿಯ ಹೆಂಗಸರೆಲ್ಲ ಸೇರಿ ಮೂರು ವರ್ಷಗಳಿಂದ ಹೇಳುತ್ತ ಬಂದ ಸುಳ್ಳು. ಗೋದಾಮಿನ ಗೋಡೆ ಕುಸಿದು, ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದ ಆರು ಹೆಂಗಸರು ಸತ್ತ ವಾರದಲ್ಲೇ ಮೊಬೈಲು ಹಿಡಿದವರು ಬರತೊಡಗಿದ್ದರು. ಒಬ್ಬನಂತೂ ಹುಮಾಳ ತಾಯಿ ಗುಲ್ಜಾರಬಿಯ ಊಟದ ಡಬ್ಬಿಯನ್ನು ಇಟ್ಟಿಗೆಯ ಮೇಲಿಟ್ಟು, ಮುಚ್ಚಳ ತೆಗೆದು ಫೋಟೊ ಹೊಡೆದುಕೊಂಡು ಹೋಗಿದ್ದ. ಆಮೇಲೆ ಅಲ್ಲಿ ಕತ್ತಲಾದರೆ ಸೀನುವ ಸದ್ದು ಕೇಳುತ್ತದೆಂಬ ಸುದ್ದಿ ಹಬ್ಬಿ, ಎಲ್ಲೆಲ್ಲಿಂದಲೋ ಜನ ನೋಡಲು ಬಂದರು. ಅಂದಿನಿಂದ ಯಾರೇ ಕೇಳಲಿ, ಓಣಿಯ ಕೈಗಳೆಲ್ಲ ಬೇವಿನ ಗಿಡದ ಕಡೆಗೇ.

ಈಗಷ್ಟೇ ಬಂದಿದ್ದ ಇಬ್ಬರು ಹುಡುಗರನ್ನೂ ಹುಮಾ ಅಲ್ಲಿಗೇ ಕಳಿಸಿದ್ದಳು. ಒಬ್ಬ ಕೋಲಿಗೆ ಮೊಬೈಲು ಸಿಕ್ಕಿಸಿಕೊಂಡು ಮಾತಾಡುತ್ತಿದ್ದ. “ಫ್ರೆಂಡ್ಸ್, ಇಲ್ಲಿ ಕಾಲಿಟ್ಟ ಕೂಡಲೇ ಗಂಟಲಾಗ ಖಾರ ಖಾರ ಅನಸಾಕತ್ತೇತಿ ನೋಡ್ರಿ.” ಇನ್ನೊಬ್ಬ ಸೀನಿದ.

“ಲೇ, ಇನ್ನೊಮ್ಮಿ ಸೀನು. ಛಲೋ ಬರಲಿಲ್ಲ.”

ಹುಮಾ ಹಲ್ಲಿನಿಂದ ದಾರ ಕಡಿಯುತ್ತ ನಕ್ಕಳು. ಈ ಸುಳ್ಳಿಗಾಗಿ ಅವಳಿಗೆ ಒಂದು ದಿನವೂ ಕೆಟ್ಟದೆನಿಸಿರಲಿಲ್ಲ.

ಜಾಗ ಕೇಳಿದ ಹೆಂಗಸು ಅಷ್ಟರಲ್ಲಿ ಬೇವಿನ ಗಿಡ ಮುಟ್ಟಿದ್ದಳು. ವಯಸ್ಸಾದವಳು, ಹಳೆಯ ಇಳಕಲ್ ಸೀರೆ. ಖಾಲಿ ಜಾಗದ ಅಂಚಿಗೆ ನಿಂತು ಚಪ್ಪಲಿ ಬಿಟ್ಟಳು. ಎರಡನ್ನೂ ಜೋಡಿಸಿಟ್ಟು ಬರಿಗಾಲಲ್ಲಿ ಒಳಗೆ ಕಾಲಿಟ್ಟಳು.

ಯಂತ್ರ ತುಳಿಯುತ್ತಿದ್ದ ಹುಮಾಳ ಕಾಲು ನಿಂತಿತು. ನೋಡಲು ಬಂದವರು ಯಾರೂ ಇದುವರೆಗೆ ಚಪ್ಪಲಿ ಬಿಟ್ಟಿರಲಿಲ್ಲ. ಹೆಂಗಸು ಸೆರಗಿನ ಗಂಟು ಬಿಚ್ಚಿ ಹಸಿರು ಖಣ, ಕೊಬ್ಬರಿ ಬಟ್ಟಲು, ಅಕ್ಕಿ ತೆಗೆಯುತ್ತಿದ್ದಳು. ತವರಿನವರು ಮಗಳಿಗೆ ತುಂಬುವ ಉಡಿ. ಕೋಲಿನ ಹುಡುಗ ಆಗಲೇ ಮೊಬೈಲನ್ನು ಅವಳತ್ತ ತಿರುಗಿಸಿದ್ದ.

ಕೂಗಿ ನಿಜ ಹೇಳಿದರೆ ಹುಡುಗರೂ ಬೆನ್ನಿಗೆ ಬರುತ್ತಾರೆ. ಸುಮ್ಮನಿದ್ದರೆ ಆ ತಾಯಿ ಯಾವುದೋ ಹಾಳು ನೆಲಕ್ಕೆ ಮಗಳ ಉಡಿ ತುಂಬಿ ಹೋಗುತ್ತಾಳೆ. ಗಿರಾಕಿಗಳೆದುರೂ ದನಿ ಎತ್ತದ ಹುಮಾ ಎದ್ದು, ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ನೆಟ್ಟಗೆ ನಡೆದಳು.

“ಅವ್ವಾರ, ಜಂಪರಿನ ಅಳತಿ ಕೊಡೂದು ಬಿಟ್ಟು ಇಲ್ಲೇನ ಮಾಡಾಕತ್ತೀರಿ? ಆಗಿಂದ ಹಾದಿ ಕಾಯಾಕತ್ತೇನಿ. ಖಣ ತಗೊಂಡು ಬರ್ರಿ.”

“ಯಾವ ಜಂಪರ? ನಾ ನನ್ನ ಮಗಳ…”

“ಮಗಳದ ಅಳತಿನೂ ನನ್ನ ಕಡೇನ ಐತ್ರಿ.” ಹುಮಾ ಅವಳ ಮೊಣಕೈ ಹಿಡಿದು ಮೆಲ್ಲಗೆ ಅದುಮಿದಳು. ಹೆಂಗಸು ಅವಳ ಮುಖವನ್ನೇ ನೋಡಿದಳು. ಅಕ್ಕಿಯನ್ನು ಸೆರಗಿಗೆ ಸುತ್ತಿಕೊಂಡು ಜೊತೆಗೆ ಹೊರಟಳು.

“ಯಾರ್ರಿ ಅಕ್ಕಾ ಅವರು?” ಹಿಂದಿನಿಂದ ಹುಡುಗ ಕೇಳಿದ.

“ಗಿರಾಕಿ,” ಎಂದಳು ಹುಮಾ, ತಿರುಗದೆ.

ಹೊಲಿಗೆ ಯಂತ್ರ ದಾಟಿ, ಅಡಿಗೆಮನೆ ದಾಟಿ ಹಿತ್ತಿಲ ಬಾಗಿಲು ತೆರೆದಳು. ಆಚೆಗೆ ರಸ್ತೆಯ ಕಡೆ ತಗಡು ಬಡಿದು ಮುಚ್ಚಿದ್ದ ಬಯಲು. ಕಿತ್ತುಹೋದ ಬುನಾದಿಯ ಕಲ್ಲುಗಳ ನಡುವೆ ಮೊಣಕಾಲೆತ್ತರದ ಮೆಣಸಿನ ಗಿಡಗಳು, ಅಲ್ಲೊಂದು ಇಲ್ಲೊಂದು ಕೆಂಪು ಕಾಯಿ.

“ಖರೇ ಜಾಗಾ ಇದ ನೋಡ್ರಿ. ಗಿಡಾ ನಾವ್ಯಾರೂ ಹಚ್ಚಿಲ್ಲ, ಬಿದ್ದ ಬೀಜದಿಂದ ಹುಟ್ಟ್ಯಾವು. ನಮ್ಮ ಅಮ್ಮಿನೂ ಇಲ್ಲೇ ಹ್ವಾದಳು.”

“ನಾ ಸುಮಲತಾನ ತಾಯಿ, ಗೌರಕ್ಕ. ದವಾಖಾನ್ಯಾಗಿಂದನ ಆಕಿನ್ನ ಊರಿಗೆ ಒಯ್ದಿವಿ, ಜಾಗಾ ನೋಡಿರಲಿಲ್ಲ. ಆ ವರ್ಷ ಪಂಚಮಿಗೆ ತವರಿಗೆ ಬಾ ಅಂದ್ರ, ಕೆಲಸಾ ಐತಿ, ಉಡಿ ಹಂಗ ಇಟ್ಟಿರು ಅಂದಿದ್ಲು.”

“ಸುಮಕ್ಕ ನಮ್ಮ ಅಮ್ಮಿ ಬಾಜೂಕ ಕುಂದರತಿದ್ರು. ಅವರ ಮಾತಿಗೆ ನಕ್ಕ ನಕ್ಕ ಕೈಯಾಗಿನ ಕೆಲಸಾ ನಿಂದರತಿತ್ತಂತ. ಮುಕಾದಮ ಬಂದು ಬೈಯಾಂವ.”

“ಹೌದ. ಆಕಿನ.” ಗೌರಕ್ಕ ಕಲ್ಲು ದಾಟಿ ಹೋಗಿ ಒಂದು ಗಿಡದ ಬುಡದಲ್ಲಿ ಖಣ ಹಾಸಿ, ಅಕ್ಕಿ ಸುರಿದು, ಕೊಬ್ಬರಿ ಬಟ್ಟಲು ಇಟ್ಟಳು. ಬಹಳ ಹೊತ್ತು ಕೂತಳು. ಏಳುವಾಗ ಕಾಲು ನೋಡಿಕೊಂಡು, “ನನ್ನ ಚಪ್ಪಲಿ ಅಲ್ಲೇ ಉಳದ್ವಲ್ಲ ಯವ್ವಾ,” ಎಂದಳು.

ತರಲೆಂದು ಹುಮಾ ಮುಂಬಾಗಿಲಿಗೆ ಬಂದಳು. ಬೇವಿನ ಗಿಡದ ಕೆಳಗೆ ಇಬ್ಬರೂ ಹುಡುಗರು ಮೊಣಕಾಲೂರಿದ್ದರು. ಮೊಬೈಲು ಜೋಡಿಸಿಟ್ಟ ಚಪ್ಪಲಿಗಳಿಗೆ ತಾಗುವಷ್ಟು ಹತ್ತಿರವಿತ್ತು.

“ಸತ್ತ ಹೆಣ್ಣುಮಗಳ ಚಪ್ಪಲಿ, ಫ್ರೆಂಡ್ಸ್. ಮೂರು ವರ್ಷ ಆತು, ಬಿಟ್ಟಲ್ಲೇ ಅದಾವು. ಒಬ್ಬರೂ ಮುಟ್ಟಿಲ್ಲ.”

ಹುಮಾ ಹೊಸ್ತಿಲ ಬಳಿಯಿದ್ದ ತನ್ನ ಚಪ್ಪಲಿಗಳನ್ನು ಕೈಗೆತ್ತಿಕೊಂಡು ಒಳಗೆ ಹೋದಳು.